ಸಾಕಿ ಕೊಡುವ ಧರ್ಮ

ಗೃಹಸ್ಥಧರ್ಮದ ಹಿರಿಯ ಮಾತುಗಳನ್ನು ಕುರಿತು ನಮ್ಮಲ್ಲಿ ಚಿಂತನೆ ಸಾಕಷ್ಟು ನಡೆದಿದೆ. ದಾನವೆಂದರೇನು, ದಾಸೋಹವೆಂದರೇನು, ಮಮಕಾರವನ್ನು ಕಳೆದುಕೊಳ್ಳುವ ಬಗೆ ಯಾವುದು ಎಂಬ ಪ್ರಶ್ನೆಗಳಿಗೆ ಪುರಾಣ ಪ್ರವಚನಗಳಲ್ಲಿ ಉತ್ತರ ದೊರೆಯುತ್ತಲೇ ಇರುತ್ತದೆ. ಆದರೆ ಕೇಳಿದ ಮಾತು ನಿಜವಾಗಿ ಒರೆಗೆ ಹತ್ತುವುದು ಮನೆಯಂಗಳದ ಸಣ್ಣ ಪ್ರಸಂಗಗಳಲ್ಲಿಯೇ. ಅಂತಹ ಪ್ರಸಂಗವೊಂದನ್ನು ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿದ್ದೇವೆ. ಮನೆಯ ನಾಯಿ ಒಂದೇ ಸೂಲಿಗೆ ಎಂಟೊಂಬತ್ತು ಮರಿಗಳನ್ನು ಹಾಕಿತು. ಅಷ್ಟನ್ನೂ ಇಟ್ಟುಕೊಳ್ಳುವುದು ಸಾಮಾನ್ಯ ಒಕ್ಕಲುಮನೆಗೆ ಸಾಧ್ಯವಿಲ್ಲ. ಇಂದಲ್ಲ ನಾಳೆ ಅವು ಬೇರೆಡೆಗೆ ಹೋಗಬೇಕಾದವುಗಳೇ. ಹೋಗಲಿರುವ ಜೀವವನ್ನು ಎಷ್ಟು ಅಕ್ಕರೆಯಿಂದ ಸಾಕಬೇಕು? ಸಾಕಿದ ಮೇಲೆ ಕೊಡುವುದು ಧರ್ಮವೋ, ಕೈಬಿಡುವುದರ ಇನ್ನೊಂದು ಹೆಸರೋ? ಕೊಟ್ಟ ಮೇಲೆ ನಮ್ಮ ಹೊಣೆ ಮುಗಿಯಿತೋ, ಉಳಿಯಿತೋ?

ನಾಯಿಯ ವಿಷಯ ಧರ್ಮಪತ್ರಿಕೆಗೆ ತಕ್ಕುದೇ ಎಂದು ಕೆಲವರಿಗೆ ಅನ್ನಿಸಬಹುದು. ವಚನಗಳಲ್ಲಿ ನಾಯಿಯು ಹಲವೆಡೆ ಹರಿದಾಡುವ ಮನಸ್ಸಿಗೆ ಉಪಮಾನವಾಗಿ ಬಂದಿರುವುದೂ ನಿಜ. ಆದರೆ ಆ ಉಪಮಾನದ ಪೆಟ್ಟು ಬೀಳುವುದು ಮನುಷ್ಯನ ಮನಸ್ಸಿನ ಮೇಲೆ. ಹಸಿದ ನಾಯಿಗೆ ತುತ್ತು ಹಾಕಬಾರದೆಂದು ಅದರ ಅರ್ಥವಲ್ಲ. ಹಾವಿನಹಾಳ ಕಲ್ಲಯ್ಯನವರು ನಾಯಿಯ ಬಾಯಿಂದ ವೇದವನ್ನು ನುಡಿಸಿದರೆಂಬ ಕಥೆ ಶರಣಚರಿತೆಗಳಲ್ಲಿ ಪ್ರಸಿದ್ಧವಾಗಿದೆ. ಕಥೆಯ ಗುರಿ ಪಾಂಡಿತ್ಯದ ಅಹಂಕಾರವನ್ನು ಮುರಿಯುವುದು. ಆದರೂ ಅದಕ್ಕೆ ಆರಿಸಿಕೊಂಡ ಪ್ರಾಣಿ ಯಾವುದೆಂಬುದನ್ನು ನೆನೆದರೆ, ಲೋಕವು ಕೀಳೆಂದು ತಳ್ಳಿದ ಜೀವದ ಕಡೆಗೆ ಶರಣರ ದೃಷ್ಟಿ ಹೇಗಿತ್ತೆಂಬುದು ತಿಳಿಯುತ್ತದೆ. ನಮ್ಮ ಜಿಲ್ಲೆಯ ಜನಪದದಲ್ಲಂತೂ ನಾಯಿಗೆ ಬೇರೆಯೇ ಸ್ಥಾನವುಂಟು. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಯನ್ನು ಕಂಡವರಿಗೆ, ನಾಯಿಯು ಮೈಲಾರನ ಪರಿವಾರವೆಂಬ ನಂಬಿಕೆ ಎಷ್ಟು ಆಳವಾದುದೆಂಬುದನ್ನು ಹೇಳಬೇಕಾಗಿಲ್ಲ.

ಸಾಕುವ ಕಾಯಕ

ಔರಾದ ಕಡೆಯ ಒಂದು ಒಕ್ಕಲುಮನೆಯನ್ನು ದೃಷ್ಟಾಂತಕ್ಕಾಗಿ ಭಾವಿಸಿಕೊಳ್ಳೋಣ. ಮಾಘಮಾಸದ ಚಳಿ. ಹೊಲದಲ್ಲಿ ಬಿಳಿಜೋಳ ತೆನೆಗಟ್ಟಿದೆ. ರಾತ್ರಿ ಹಂದಿಯನ್ನೂ ಜಿಂಕೆಯನ್ನೂ ಬೆದರಿಸಿ ಬೆಳೆ ಕಾಯ್ದ ನಾಯಿ ಕೊಟ್ಟಿಗೆಯ ಮೂಲೆಯ ಕಣಿಕೆಯ ಮೇಲೆ ಒಂಬತ್ತು ಮರಿಗಳನ್ನು ಹಾಕಿದೆ. ನಾಲ್ಕು ಗಂಡು, ಐದು ಹೆಣ್ಣು. ಸುಮಾರು ಅರವತ್ಮೂರು ದಿನ ಹೊತ್ತು ಹೆತ್ತ ತಾಯಿ ಅದು. ಒಂಬತ್ತು ಎಂಬುದು ದೊಡ್ಡ ಸೂಲೇ ಹೌದು. ಇಂಗ್ಲೆಂಡಿನಲ್ಲಿ 2004ರಲ್ಲಿ ಒಂದು ದೊಡ್ಡ ತಳಿಯ ನಾಯಿ ಇಪ್ಪತ್ತನಾಲ್ಕು ಮರಿಗಳನ್ನು ಹಾಕಿದ ದಾಖಲೆಯುಂಟು. ಆದರೆ ಅದು ಅಪರೂಪದ ಮಾತು. ನಾಯಿಗೆ ಇರುವ ಮೊಲೆಗಳೇ ಸಾಮಾನ್ಯವಾಗಿ ಎಂಟರಿಂದ ಹತ್ತು. ಆದುದರಿಂದ ಒಂಬತ್ತು ಮರಿಗಳೆಂದರೆ ತಾಯಿಯ ಶಕ್ತಿಯ ಮೇರೆಯನ್ನು ಮುಟ್ಟಿದಂತೆಯೇ.

ನಾಯಿಮರಿ ಹುಟ್ಟುವಾಗ ಕುರುಡು, ಕಿವುಡು. ಹತ್ತರಿಂದ ಹದಿನಾಲ್ಕನೆಯ ದಿನದೊಳಗೆ ಕಣ್ಣು ತೆರೆಯುತ್ತದೆ. ಕಿವಿ ತೆರೆಯುವುದು ಅದಕ್ಕೂ ಸ್ವಲ್ಪ ತಡವಾಗಿ. ಮೊದಲ ವಾರದಲ್ಲಿ ಅದಕ್ಕೆ ನಡುಗಿ ಮೈ ಬೆಚ್ಚಗೆ ಮಾಡಿಕೊಳ್ಳುವ ಶಕ್ತಿಯೂ ಇಲ್ಲ. ತಾಯಿಯಿಂದ ಒಂದು ಮೊಳ ದೂರ ಜರುಗಿದ ಮರಿ ಚಳಿಯಿಂದಲೇ ಸತ್ತುಹೋಗಬಹುದು. ತಾಯಿ ನೆಕ್ಕದಿದ್ದರೆ ಮಲಮೂತ್ರ ವಿಸರ್ಜನೆಯೂ ಆಗದು. ಮೊದಲ ದಿನದ ಗಿಣ್ಣದ ಹಾಲಿನಲ್ಲಿ ರೋಗವನ್ನು ತಡೆಯುವ ಶಕ್ತಿಯಿದ್ದು, ಅದು ಪ್ರತಿಯೊಂದು ಮರಿಯ ಹೊಟ್ಟೆಗೂ ಸೇರಲೇಬೇಕು. ಎಂಟು ಹತ್ತು ದಿನಗಳಲ್ಲಿ ಹುಟ್ಟಿದ ತೂಕ ಇಮ್ಮಡಿಯಾದರೆ ಮರಿ ಸರಿಯಾಗಿ ಬೆಳೆಯುತ್ತಿದೆಯೆಂದು ತಿಳಿಯಬಹುದು. ಮನೆಯಲ್ಲಿರುವ ತಕ್ಕಡಿಯೇ ಇದಕ್ಕೆ ಸಾಕು.

ತಾಯಿಗೆ ಹಾಲು ಸಾಲದಿದ್ದರೆ ನಮ್ಮ ಮನೆಗಳಲ್ಲಿ ಕೂಡಲೆ ಹಸುವಿನ ಹಾಲನ್ನು ಕುಡಿಸುತ್ತಾರೆ. ಭಾವನೆ ಒಳ್ಳೆಯದು, ಆದರೆ ಪ್ರತಿಯೊಂದು ತಾಯಿಯ ಹಾಲೂ ಆಯಾ ಸಂತಾನಕ್ಕೆಂದೇ ಆದುದು. ನಮ್ಮ ದೇವಣಿ ಹಸುವಿನ ಹಾಲು ಕರುವಿಗೆ ಅಮೃತವಾದರೂ, ಹಸುವಿನ ಹಾಲಿನಲ್ಲಿರುವ ಕೊಬ್ಬು, ಸಸಾರಜನಕ ಎರಡೂ ನಾಯಿಯ ಹಾಲಿನಲ್ಲಿರುವುದರ ಸುಮಾರು ಅರ್ಧದಷ್ಟು ಮಾತ್ರ. ಅದೊಂದರಿಂದಲೇ ಮರಿ ಬೆಳೆಯಲಾರದು, ಮೇಲಾಗಿ ಹೊಟ್ಟೆ ಕೆಡುವುದೂ ಉಂಟು. ಪಶುವೈದ್ಯರನ್ನು ಕೇಳಿ ಮರಿಗಳಿಗೆಂದೇ ಸಿದ್ಧಪಡಿಸಿದ ಹಾಲಿನ ಪುಡಿಯನ್ನು ತರುವುದು ಲೇಸು. ಎಲ್ಲಕ್ಕೂ ಮೊದಲು ತಾಯಿಗೆ ಹೊಟ್ಟೆ ತುಂಬ ಉಣಿಸಬೇಕು. ಇಷ್ಟು ಮರಿಗಳಿಗೆ ಹಾಲೂಡುವ ನಾಯಿಗೆ ಎಂದಿಗಿಂತ ಎರಡು ಮೂರು ಪಾಲು ಹೆಚ್ಚು ಆಹಾರ ಬೇಕು. ಹಳಸಿದ ರೊಟ್ಟಿಯ ಚೂರೆರಡನ್ನು ಎಸೆದು ಒಂಬತ್ತು ಮಕ್ಕಳನ್ನು ಸಾಕೆಂದರೆ, ಅದು ತನ್ನ ಮೂಳೆಯನ್ನೇ ಕರಗಿಸಿ ಹಾಲು ಮಾಡುತ್ತದೆ. ಅಂತಹ ತಾಯಿಗೆ ಎರಡು ಮೂರು ವಾರಗಳ ಹೊತ್ತಿಗೆ ರಕ್ತದಲ್ಲಿ ಸುಣ್ಣದ ಅಂಶ ಕುಗ್ಗಿ, ಮೈ ನಡುಗಿ ಕಾಲು ಸೆಟೆಯುವುದುಂಟು. ಆಗ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಕೆಲವು ಗಂಟೆಗಳ ಅಲಕ್ಷ್ಯವೂ ಪ್ರಾಣಕ್ಕೆ ಎರವಾಗಬಹುದು.

ಮೂರನೆಯ ವಾರದಿಂದ ಹಾಲುಹಲ್ಲು ಮೂಡುತ್ತವೆ. ಮೆತ್ತಗೆ ಕಲಸಿದ ಆಹಾರವನ್ನು ಅಗಲವಾದ ತಟ್ಟೆಯಲ್ಲಿ ಕೊಡತೊಡಗಬಹುದು. ಎರಡನೆಯ ವಾರದಿಂದ ಹದಿನೈದು ದಿನಗಳಿಗೊಮ್ಮೆ ಜಂತಿನ ಔಷಧ. ಆರರಿಂದ ಎಂಟನೆಯ ವಾರದಲ್ಲಿ ಮೊದಲ ಲಸಿಕೆ. ಮೂರು ತಿಂಗಳಾದ ಮೇಲೆ ಹುಚ್ಚುನಾಯಿ ರೋಗದ ಲಸಿಕೆ. ಬೀದರ ನಗರದಲ್ಲಿಯೇ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನವೂ ಬೀದರವೇ. ಆದುದರಿಂದ ಕೇಳಿ ತಿಳಿಯುವ ಅನುಕೂಲ ನಮಗೆ ದೂರದಲ್ಲಿಲ್ಲ.

ಇಷ್ಟನ್ನೆಲ್ಲ ವಿವರಿಸಿದುದು ಏತಕ್ಕೆಂದರೆ, ದಯೆಯೆಂಬುದು ಎದೆಯಲ್ಲಿ ಹುಟ್ಟುವ ಮರುಕ ಮಾತ್ರವೆಂಬ ತಪ್ಪು ತಿಳುವಳಿಕೆ ನಮ್ಮಲ್ಲಿ ಬೇರೂರಿದೆ. ಮರುಕ ಒಂದು ಗಳಿಗೆಯ ಮಾತು. ರಾತ್ರಿ ಎದ್ದು ಮರಿಗಳನ್ನು ಎಣಿಸುವುದು, ನೆನೆದ ಗೋಣಿತಟ್ಟನ್ನು ತೆಗೆದು ಒಣಗಿದ ಕೌದಿಯ ತುಂಡನ್ನು ಹಾಸುವುದು, ಹೇಸದೆ ಹೊಲಸು ಬಳಿಯುವುದು, ಇವು ಐವತ್ತು ಅರವತ್ತು ದಿನಗಳ ದುಡಿಮೆ. ಶರಣರು ಕಾಯಕಕ್ಕೆ ಕೊಟ್ಟ ಹಿರಿಮೆಯನ್ನು ಬಲ್ಲವರು, ಕೈಗೆ ಇಳಿಯದ ದಯೆಯನ್ನು ದಯೆಯೆಂದು ಒಪ್ಪಲಾರರು.

ಪಂಕ್ತಿಯಲ್ಲಿ ಭೇದ

ಮಠದ ಪ್ರಸಾದದ ಸಾಲಿನಲ್ಲಿ ಪಂಕ್ತಿಭೇದ ಸಲ್ಲದೆಂಬುದು ನಮಗೆಲ್ಲ ತಿಳಿದ ಮಾತು. ಒಂದೇ ಸಾಲಿನಲ್ಲಿ ಕುಳಿತವರಲ್ಲಿ ಒಬ್ಬನಿಗೆ ತುಪ್ಪ, ಇನ್ನೊಬ್ಬನಿಗೆ ಬರಿಯ ನುಚ್ಚು ಬಡಿಸುವುದು ಮಹಾದೋಷ. ಈ ನಿಯಮವನ್ನು ತಾಯಿಯ ಮಗ್ಗುಲಲ್ಲಿ ಮಲಗಿದ ಒಂಬತ್ತು ಮರಿಗಳ ಪಂಕ್ತಿಗೆ ಅನ್ವಯಿಸಿ ನೋಡಿದರೆ ಒಂದು ಸೂಕ್ಷ್ಮ ಗೋಚರಿಸುತ್ತದೆ. ಹಿಂಗಾಲಿನ ಕಡೆಯ ಮೊಲೆಗಳಲ್ಲಿ ಹಾಲು ಹೆಚ್ಚು. ಬಲಿತ ಮರಿಗಳು ತಲೆಯಿಂದ ತಳ್ಳಿ ಅವನ್ನೇ ಹಿಡಿಯುತ್ತವೆ. ಕೃಶವಾದ ಮರಿ ಮುಂದಿನ ಒಣ ಮೊಲೆಯನ್ನು ಚೀಪುತ್ತ ದಿನದಿನಕ್ಕೆ ಇಳಿದುಹೋಗುತ್ತದೆ. ಎಲ್ಲರಿಗೂ ತಾಯಿ ಒಂದೇ, ಸಾಲೂ ಒಂದೇ. ಆದರೂ ಒಂದಕ್ಕೆ ಮೃಷ್ಟಾನ್ನ, ಒಂದಕ್ಕೆ ಉಪವಾಸ.

ಇಲ್ಲಿ ಮನೆಯಾತನು, ದೇವರ ಸೃಷ್ಟಿಯ ವ್ಯವಸ್ಥೆ ಇದು, ನಾನು ನಡುವೆ ಕೈಹಾಕಲಾರೆ ಎಂದು ಹೇಳಬಹುದು. ಆದರೆ ಕೈಕಟ್ಟಿ ನಿಂತವನು ಮಧ್ಯಸ್ಥನಾಗುವುದಿಲ್ಲ. ಅವನು ತಿಳಿದೋ ತಿಳಿಯದೆಯೋ ಬಲಿಷ್ಠನ ಪಕ್ಷವನ್ನು ಹಿಡಿದಿರುತ್ತಾನೆ. ಬಲ್ಲವರು ಏನು ಮಾಡುತ್ತಾರೆ? ಒಂಬತ್ತನ್ನು ಎರಡು ಪಂಕ್ತಿಯಾಗಿ ಒಡೆಯುತ್ತಾರೆ. ಮೊದಲ ಪಂಕ್ತಿಗೆ ಬಡಕಲಾದವುಗಳನ್ನು ಕೂಡಿಸಿ ತುಂಬಿದ ಮೊಲೆಗೆ ಹಚ್ಚುತ್ತಾರೆ. ಅವುಗಳ ಹೊಟ್ಟೆ ದುಂಡಗಾದ ಮೇಲೆ ಬಲಿತವುಗಳನ್ನು ಬಿಡುತ್ತಾರೆ. ಹೊರಗಿನಿಂದ ನೋಡಿದವರಿಗೆ ಇದು ಪಂಕ್ತಿಭೇದದಂತೆ ಕಾಣುವುದು ಸಹಜ. ಒಳಹೊಕ್ಕು ನೋಡಿದರೆ ಇದೇ ನಿಜವಾದ ಸಮತೆ. ಎಲ್ಲರ ಎಲೆಗೂ ಒಂದೇ ಅಳತೆಯ ಸೌಟನ್ನು ಸುರಿಯುವುದಕ್ಕಿಂತ, ಎಲ್ಲರ ಹೊಟ್ಟೆಯೂ ತುಂಬುವಂತೆ ಬಡಿಸುವುದು ಹಿರಿದು. ಕಲ್ಯಾಣದ ಶರಣರು ಸಮಾಜದಲ್ಲಿ ಹಿಂದೆ ತಳ್ಳಲ್ಪಟ್ಟವರನ್ನು ಕರೆದು ಮುಂದಿನ ಸಾಲಿನಲ್ಲಿ ಕುಳ್ಳಿರಿಸಿದುದರ ಮರ್ಮವೂ ಇದೇ ಎಂದು ನಮ್ಮ ಭಾವನೆ.

ಬಿಡುವುದು ಮತ್ತು ಕೊಡುವುದು

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ನಮ್ಮ ಊರುಗಳಲ್ಲಿ ನಡೆಯುತ್ತ ಬಂದ ಒಂದು ರೂಢಿಯುಂಟು. ಮರಿಗಳು ಕಣ್ಣು ತೆರೆದು ಅಂಗಳದಲ್ಲಿ ಓಡಾಡುವವರೆಗೆ ಮಕ್ಕಳಿಗೆ ಆಟ, ಹಿರಿಯರಿಗೆ ನೋಟ. ಆಮೇಲೆ ಕಾಲಿಗೆ ತೊಡರತೊಡಗಿದಾಗ ಒಂದು ರಾತ್ರಿ ಅವನ್ನು ಚೀಲದಲ್ಲಿ ತುಂಬಿ ಊರಾಚೆಯ ಹಳ್ಳದ ದಂಡೆಗೋ, ಸಂತೆಯ ಬಯಲಿಗೋ, ಬಸ್ ನಿಲ್ದಾಣದ ಹಿಂದಕ್ಕೋ ಬಿಟ್ಟು ಬರುವುದು. ಕೊಲ್ಲಲಿಲ್ಲ, ಬಿಟ್ಟೆವು, ಶಿವನು ಕಾಯುತ್ತಾನೆ ಎಂಬ ಸಮಾಧಾನ. ಕೆಲವರು ಮಠದ ಬಾಗಿಲಲ್ಲಿ, ಗುಡಿಯ ಕಟ್ಟೆಯ ಬಳಿ ಬಿಟ್ಟು, ಪ್ರಸಾದ ತಿಂದು ಬದುಕಲಿ ಎನ್ನುವುದೂ ಉಂಟು.

ಈ ಸಮಾಧಾನ ನಿಲ್ಲತಕ್ಕದ್ದಲ್ಲ. ಶಾಲೆಯಲ್ಲಿ ಕಲಿತ ವಿಭಕ್ತಿಗಳನ್ನು ವಾಚಕರು ಒಮ್ಮೆ ನೆನಪಿಗೆ ತಂದುಕೊಳ್ಳಬೇಕು. ಯಾವುದರಿಂದ ಅಗಲಿಕೆಯಾಯಿತೋ ಅದು ಅಪಾದಾನ; ಅದಕ್ಕೆ ಪಂಚಮೀ ವಿಭಕ್ತಿ. ಯಾರನ್ನು ಉದ್ದೇಶಿಸಿ ಕೊಟ್ಟೆವೋ ಅವರು ಸಂಪ್ರದಾನ. ಅದಕ್ಕೆ ಚತುರ್ಥೀ ವಿಭಕ್ತಿ. ಪಾಣಿನಿಯ ಶಾಸ್ತ್ರದಲ್ಲಿ ಇವೆರಡೂ ಬೇರೆಬೇರೆ ಕಾರಕಗಳು. ಮರಿಯನ್ನು ಬಿಟ್ಟು ಬಂದವನ ವಾಕ್ಯದಲ್ಲಿ ‘ಮನೆಯಿಂದ’ ಎಂಬುದುಂಟು, ‘ಯಾರಿಗೆ’ ಎಂಬುದಿಲ್ಲ. ಅಗಲಿಕೆಯುಂಟು, ಪಡೆಯುವವನಿಲ್ಲ. ದಾನದ ವಾಕ್ಯವಾದರೋ ಪಡೆಯುವವನಿಲ್ಲದೆ ಪೂರ್ಣವೇ ಆಗದು. ‘ಮರಿಯನ್ನು ಕೊಟ್ಟೆನು’ ಎಂದೊಡನೆ ಕೇಳುವವರು ‘ಯಾರಿಗೆ?’ ಎಂದು ಕೇಳಿಯೇ ಕೇಳುತ್ತಾರೆ. ಆ ‘ಗೆ’ ಎಂಬ ಒಂದು ಪ್ರತ್ಯಯದಲ್ಲಿ ಧರ್ಮ ನಿಂತಿದೆ. ಶಿವನಿಗೆ ಕೊಟ್ಟೆನೆಂದು ಹೇಳಿ ಬೀದಿಗೆ ಬಿಡುವುದು, ತನ್ನ ಹೊಣೆಯನ್ನು ಶಿವನ ತಲೆಗೆ ಕಟ್ಟಿದಂತೆ.

ಮಹಾಭಾರತದ ಆದಿಯಲ್ಲಿಯೂ ಅಂತ್ಯದಲ್ಲಿಯೂ ನಾಯಿಯ ಕಥೆ ಬರುವುದನ್ನು ಬಲ್ಲವರು ಬಲ್ಲರು. ಆದಿಪರ್ವದಲ್ಲಿ ಜನಮೇಜಯನ ಸತ್ರಯಾಗದ ಬಳಿಗೆ ಬಂದ ಸರಮೆಯ ಮರಿಯನ್ನು ಅವನ ತಮ್ಮಂದಿರು ಹೊಡೆದು ಅಟ್ಟಿದರು. ಆ ಮರಿ ಹವಿಸ್ಸನ್ನು ನೆಕ್ಕಿರಲಿಲ್ಲ, ಕಣ್ಣೆತ್ತಿ ನೋಡಿಯೂ ಇರಲಿಲ್ಲ. ತಾಯಿ ಸರಮೆ ಯಾಗಶಾಲೆಗೆ ಬಂದು, ತಪ್ಪು ಮಾಡದ ನನ್ನ ಮಗನನ್ನು ಹೊಡೆದುದೇಕೆಂದು ಅರಸನನ್ನೇ ಕೇಳಿತು. ಉತ್ತರ ಕೊಡಲು ಯಾರಿಗೂ ಬಾಯಿ ಬರಲಿಲ್ಲ. ಮಹಾಪ್ರಸ್ಥಾನಿಕ ಪರ್ವದಲ್ಲಿ ಧರ್ಮರಾಯನು ತನ್ನನ್ನು ನಂಬಿ ಬಂದ ನಾಯಿಯನ್ನು ತೊರೆದು ಸ್ವರ್ಗಕ್ಕೇರಲು ಒಪ್ಪಲಿಲ್ಲ. ನಂಬಿದವರನ್ನು ಕೈಬಿಡುವುದನ್ನು ಅವನು ಮಹಾಪಾತಕಗಳ ಸಾಲಿಗೆ ಸೇರಿಸಿದನು. ನಿರಪರಾಧಿಯಾದ ಮರಿಯ ಪರವಾಗಿ ಕೇಳುವವರುಂಟು, ನಂಬಿದ ಪ್ರಾಣಿಯನ್ನು ತೊರೆದವನಿಗೆ ಸ್ವರ್ಗದ ಬಾಗಿಲೂ ಇಲ್ಲ ಎಂಬುದು ಈ ಎರಡು ಕಥೆಗಳ ತಾತ್ಪರ್ಯ. ನಮ್ಮ ದೇಶದ ಕಾನೂನೂ ಇದಕ್ಕೆ ವಿರುದ್ಧವಾಗಿಲ್ಲ. ಹಸಿವು ನೀರಡಿಕೆಗಳಿಂದ ನರಳುವಂತಹ ಸ್ಥಿತಿಯಲ್ಲಿ ಪ್ರಾಣಿಯನ್ನು ಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯ ಪ್ರಕಾರ ಅಪರಾಧವಾಗಿದೆ.

ಯಾವಾಗ, ಯಾರಿಗೆ

ಕೊಡುವುದೇ ಧರ್ಮವೆಂದಾದ ಮೇಲೆ, ಯಾವಾಗ ಕೊಡಬೇಕೆಂಬ ಪ್ರಶ್ನೆ ಬರುತ್ತದೆ. ಕಣ್ಣು ತೆರೆದು ನಾಲ್ಕು ಹೆಜ್ಜೆ ಇಟ್ಟೊಡನೆ, ತಿಂಗಳು ತುಂಬುವ ಮೊದಲೇ ಮರಿಗಳನ್ನು ಕೊಟ್ಟುಬಿಡುವ ಅವಸರ ಹಲವರಲ್ಲಿದೆ. ಅಮೆರಿಕೆಯ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿದ್ವಾಂಸರು ಬಹುಕಾಲ ನಾಯಿಗಳನ್ನು ಸಾಕಿ ಪರೀಕ್ಷಿಸಿ 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಕಾಲವು ಮರಿಯ ಸ್ವಭಾವ ರೂಪುಗೊಳ್ಳುವ ಕಾಲವೆಂದು ತೋರಿಸಿದರು. ಈ ಅವಧಿಯಲ್ಲಿ ಒಡಹುಟ್ಟಿದವುಗಳೊಡನೆ ಆಡುತ್ತ, ಎಷ್ಟು ಕಚ್ಚಿದರೆ ನೋವಾಗುತ್ತದೆಂಬುದನ್ನು ಮರಿ ಕಲಿಯುತ್ತದೆ. ತಾಯಿ ಗುರ್ರೆಂದಾಗ ಹಿಂದೆ ಸರಿಯುವುದನ್ನು ಕಲಿಯುತ್ತದೆ. ಮನುಷ್ಯನ ಕೈ ಹೊಡೆಯುವ ಕೈಯೋ ತಡವುವ ಕೈಯೋ ಎಂಬುದನ್ನು ಎದೆಯಲ್ಲಿ ಬರೆದುಕೊಳ್ಳುತ್ತದೆ. ಬೇಗ ಬೇರ್ಪಟ್ಟ ಮರಿ ಅಂಜುಬುರುಕನೋ ಕಚ್ಚುವ ನಾಯಿಯೋ ಆಗುವ ಸಂಭವ ಹೆಚ್ಚು. ಮಾರಾಟಕ್ಕೆ ಸಂಬಂಧಿಸಿದ 2017ರ ನಿಯಮಗಳೂ ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು ವಿಧಿಸಿವೆ. ಆದುದರಿಂದ ಎಂಟು ವಾರಗಳವರೆಗೆ ಮರಿಯನ್ನು ತಾಯಿಯ ಮಡಿಲಲ್ಲಿ, ಮನೆಯ ಬಳಕೆಯಲ್ಲಿ ಬೆಳೆಸಬೇಕು. ಒಲೆಯ ಸದ್ದು, ಪೂಜೆಯ ಗಂಟೆ, ಟ್ರ್ಯಾಕ್ಟರಿನ ಗದ್ದಲ, ದನಕರು, ಮುದುಕರು, ಕೂಸುಗಳು ಎಲ್ಲವೂ ಅದಕ್ಕೆ ಪರಿಚಯವಾಗಬೇಕು.

ದಾಸೋಹ ಮಾಡುವವನು ಹಸಿಯ ಜೋಳವನ್ನು ಎಲೆಗೆ ಸುರಿಯುವುದಿಲ್ಲ; ಬೀಸಿ, ನಾದಿ, ಬಡಿದು, ಬೇಯಿಸಿ ಬಡಿಸುತ್ತಾನೆ. ಮರಿಯನ್ನು ಕೊಡುವುದೂ ಹಾಗೆಯೇ. ಹಾಲು ಬಿಟ್ಟ, ಜಂತು ಕಳೆದ, ಲಸಿಕೆ ಹಾಕಿದ, ಮನುಷ್ಯರನ್ನು ನಂಬಲು ಕಲಿತ ಮರಿಯೇ ಕೊಡಲು ಯೋಗ್ಯವಾದುದು.

ಪಡೆಯುವವರ ಯೋಗ್ಯತೆಯನ್ನೂ ನೋಡಬೇಕು. ಕಾಳು ಕೊಟ್ಟರೆ ಕಾಳಿಗೆ ನೋವಿಲ್ಲ, ಬಟ್ಟೆ ಕೊಟ್ಟರೆ ಬಟ್ಟೆಗೆ ದುಃಖವಿಲ್ಲ. ಜೀವವನ್ನು ಕೊಟ್ಟಾಗ ಆ ದಾನದ ಫಲವನ್ನು ಉಣ್ಣಬೇಕಾದುದು ಜೀವವೇ. ಕೇಳಲು ಬಂದವರನ್ನು ಸಂಕೋಚವಿಲ್ಲದೆ ವಿಚಾರಿಸತಕ್ಕದ್ದು. ಮನೆಯವರೆಲ್ಲರಿಗೂ ಸಮ್ಮತವೇ? ಹಗಲು ಮರಿಯನ್ನು ನೋಡುವವರು ಯಾರು? ಬೇಸಿಗೆಯಲ್ಲಿ ನೆರಳು ನೀರು ಉಂಟೇ? ದುಡಿಯಲು ಪುಣೆಗೋ ಹೈದರಾಬಾದಿಗೋ ಹೋದರೆ ಅದನ್ನು ಯಾರ ವಶಕ್ಕೆ ಬಿಡುತ್ತೀರಿ? ವರಪರೀಕ್ಷೆಯಲ್ಲಿ ನಾಚದ ನಾವು ಇಲ್ಲಿ ನಾಚಬೇಕಾಗಿಲ್ಲ. ಕಡೆಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿಯೇ ಕೊಡಬೇಕು: ಸಾಕಲು ಆಗದಿದ್ದರೆ ಬೀದಿಗೆ ಬಿಡಬೇಡಿರಿ, ಮರಳಿ ನಮ್ಮ ಮನೆಗೇ ತನ್ನಿರಿ. ಹೆಣ್ಣು ಕೊಟ್ಟ ತವರಿನ ಬಾಗಿಲು ಹೇಗೆ ಮುಚ್ಚುವುದಿಲ್ಲವೋ ಹಾಗೆ ಸಾಕಿ ಕೊಟ್ಟವನ ಬಾಗಿಲೂ ಮುಚ್ಚಬಾರದು.

ಹೆಣ್ಣಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳಲೇಬೇಕಾಗಿದೆ. ಮರಿ ಬೇಡಲು ಬಂದವರು ಮೊದಲು ಕೇಳುವುದು, ‘ಗಂಡೋ ಹೆಣ್ಣೋ?’ ಎಂದು. ನಮ್ಮ ದೃಷ್ಟಾಂತದ ಮನೆಯಲ್ಲಿ ನಾಲ್ಕು ಗಂಡುಮರಿಗಳು ವಾರದೊಳಗೆ ಮನೆ ಸೇರಿದರೆ, ಐದು ಹೆಣ್ಣುಮರಿಗಳು ಅಂಗಳದಲ್ಲಿಯೇ ಉಳಿಯುತ್ತವೆ. ಚೀಲದಲ್ಲಿ ತುಂಬಿ ಬಿಟ್ಟುಬಂದ ಮರಿಗಳಲ್ಲಿಯೂ ಹೆಣ್ಣೇ ಹೆಚ್ಚಾಗಿರುವುದನ್ನು ಕಣ್ಣಿದ್ದವರು ಕಂಡಿದ್ದಾರೆ. ಮುಧೋಳದಂತಹ ಹೆಸರುವಾಸಿ ತಳಿಯಾದರೆ ಬೇಡುವವರುಂಟು. 2005ರಲ್ಲಿ ಅಂಚೆಚೀಟಿಯ ಮೇಲೂ ಅದು ಮೂಡಿತು. ಊರನಾಯಿಯ ಹೆಣ್ಣುಮರಿಯನ್ನು ಕೇಳುವವರು ವಿರಳ. ಹೆಣ್ಣೆಂಬ ಕಾರಣಕ್ಕೆ ಆತ್ಮಕ್ಕೆ ಕೀಳ್ತನವಿಲ್ಲವೆಂದು ಹನ್ನೆರಡನೆಯ ಶತಮಾನದಲ್ಲಿಯೇ ಸಾರಿದ ನೆಲ ನಮ್ಮ ಜಿಲ್ಲೆ. ಅಕ್ಕಮಹಾದೇವಿಯನ್ನು ಕೊಂಡಾಡುವ ಬಾಯಿಂದ ‘ಹೆಣ್ಣುಮರಿ ಬೇಡ’ ಎಂಬ ಮಾತು ಹೊರಡುವುದು ಎಷ್ಟು ಸಮಂಜಸ ಎಂಬುದನ್ನು ಓದುಗರೇ ನಿರ್ಣಯಿಸಲಿ. ಜನರಿಗೆ ಇರುವ ಅಂಜಿಕೆ ಮತ್ತೆ ಮತ್ತೆ ಮರಿ ಹಾಕುತ್ತದೆಂಬುದು. ಆ ಅಂಜಿಕೆಗೆ ಪರಿಹಾರವನ್ನು ಮುಂದೆ ಹೇಳುತ್ತೇವೆ.

ಮಮತೆ ಮತ್ತು ಮಮಕಾರ

‘ಹೇಗೂ ಕೊಡುವ ಮರಿ, ಹೆಸರಿಡಬೇಡ, ಹಚ್ಚಿಕೊಳ್ಳಬೇಡ’ ಎಂದು ಹಿರಿಯರು ಮಕ್ಕಳಿಗೆ ಹೇಳುವುದುಂಟು. ಕೊಟ್ಟ ದಿನ ಮಕ್ಕಳು ಊಟ ಬಿಟ್ಟು ಅಳುವುದನ್ನು ಕಂಡ ಅನುಭವದಿಂದ ಬಂದ ಮಾತದು. ಆದರೆ ಅದರಲ್ಲಿ ಅಡಗಿದ ಜಿಪುಣತನವನ್ನು ನಾವು ಗಮನಿಸಬೇಕು. ಮುಂದೆ ನಮಗೆ ನೋವಾದೀತೆಂದು ಇಂದು ಆ ಜೀವಕ್ಕೆ ಸಲ್ಲಬೇಕಾದ ಅಕ್ಕರೆಯನ್ನು ಹಿಡಿದಿಡುವುದು, ಉಗ್ರಾಣದಲ್ಲಿ ಜೋಳವಿದ್ದೂ ಅತಿಥಿಗೆ ಇಲ್ಲವೆಂದಂತೆ. ಈ ಎಂಟು ವಾರಗಳಲ್ಲಿ ಮರಿಗೆ ದೊರೆತ ಅಕ್ಕರೆಯೇ ಅದು ಹೋಗುವ ಮನೆಗೆ ಕಟ್ಟಿಕೊಂಡು ಹೋಗುವ ಬುತ್ತಿ. ಆ ಬುತ್ತಿಯನ್ನು ಹೊಸ ಮನೆಯವರೂ ಉಣ್ಣುತ್ತಾರೆ. ಬುತ್ತಿ ಕಟ್ಟುವಾಗ ಕೈ ಬಿಗಿಹಿಡಿಯುವವಳನ್ನು ನಮ್ಮ ಕಡೆ ತಾಯಿಯೆಂದು ಕರೆಯುವುದಿಲ್ಲ.

ಮಮತೆ ಬೇರೆ, ಮಮಕಾರ ಬೇರೆ. ಈ ಜೀವ ಚೆನ್ನಾಗಿರಲಿ ಎಂಬುದು ಮಮತೆ. ಇದು ನನ್ನ ಬಳಿಯೇ ಇರಲಿ ಎಂಬುದು ಮಮಕಾರ. ಎಲ್ಲವನ್ನೂ ಪ್ರೀತಿಯ ಹೆಸರಿನಲ್ಲಿ ಇಟ್ಟುಕೊಂಡು, ಹತ್ತು ನಾಯಿಗಳಿಗೂ ಅರೆಹೊಟ್ಟೆ ಮಾಡಿ, ನೆರೆಹೊರೆಯವರ ನಿದ್ದೆ ಕೆಡಿಸಿ, ಕಡೆಗೆ ಸಿಟ್ಟಿನಿಂದ ಅವನ್ನೇ ಹೊಡೆಯುವವರೂ ಉಂಟು. ಅಲ್ಲಿ ಮಮಕಾರ ಮಮತೆಯನ್ನು ನುಂಗಿರುತ್ತದೆ. ಇದಕ್ಕೆ ಬದಲಾಗಿ ಪೂರ್ಣವಾಗಿ ಹಚ್ಚಿಕೊಂಡು ಸಾಕಿ, ಕಾಲ ಬಂದಾಗ ಕಣ್ಣೀರಿನೊಡನೆಯೇ ಯೋಗ್ಯರ ಕೈಗೆ ಒಪ್ಪಿಸುವವನು ದಾಸೋಹದ ಅರ್ಥವನ್ನು ಬಲ್ಲವನು. ಮರಿ ತನ್ನದಲ್ಲ, ತನ್ನ ವಶದಲ್ಲಿ ಇರಿಸಿದ ನಿಕ್ಷೇಪವೆಂದು ಅವನಿಗೆ ಮೊದಲಿನಿಂದಲೂ ತಿಳಿದಿದೆ. ನಿಕ್ಷೇಪವನ್ನು ಕಾಯುವವನು ತನ್ನ ಒಡವೆಗಿಂತ ಹೆಚ್ಚು ಎಚ್ಚರದಿಂದ ಅದನ್ನು ಕಾಯುತ್ತಾನೆ. ಅಗಲುವಾಗ ಬಂದ ಕಣ್ಣೀರು ದೋಷವಲ್ಲ. ಆ ಕಣ್ಣೀರಿಗೆ ಅಂಜಿ ಕೊಡದಿರುವುದೂ, ಅದೇ ಅಂಜಿಕೆಯಿಂದ ಪ್ರೀತಿಸದಿರುವುದೂ ದೋಷಗಳು.

ಈ ಅಗಲಿಕೆಯಲ್ಲಿ ತಾಯಿನಾಯಿಯನ್ನೂ ಮರೆಯಬಾರದು. ಒಂದೇ ದಿನ ಒಂಬತ್ತನ್ನೂ ಕಳಿಸಿಬಿಟ್ಟರೆ ಅದು ಮೂಲೆ ಮೂಲೆಯನ್ನು ಮೂಸುತ್ತ ಅಲೆಯುತ್ತದೆ. ಹಾಲು ಕಟ್ಟಿ ಕೆಚ್ಚಲು ಬಾಯುವುದೂ ಉಂಟು. ದಿನ ಬಿಟ್ಟು ದಿನ ಒಂದೊಂದಾಗಿ ಕೊಟ್ಟರೆ ಅದರ ಮೈಗೂ ಮನಸ್ಸಿಗೂ ಹಿತ.

ಮುಂದಿನ ಸೂಲು

ಇಷ್ಟೆಲ್ಲ ಶ್ರಮಪಟ್ಟು ಒಂಬತ್ತು ಮರಿಗಳಿಗೂ ಮನೆ ಹುಡುಕಿದ ಗೃಹಸ್ಥನ ಅಂಗಳದಲ್ಲಿ ಆರು ತಿಂಗಳಿಗೆ ಮತ್ತೆ ಒಂಬತ್ತು ಮರಿಗಳು ಹುಟ್ಟಿದರೆ? ನಾಯಿ ವರ್ಷಕ್ಕೆ ಎರಡು ಸಲ ಮರಿ ಹಾಕಬಲ್ಲುದು. ಯೋಗ್ಯ ಮನೆಗಳಾದರೋ ಹಾಗೆ ವರ್ಷಕ್ಕೆ ಎರಡು ಸಲ ಹುಟ್ಟುವುದಿಲ್ಲ. ಈ ಲೆಕ್ಕವನ್ನು ಎದುರಿಸದ ದಯೆ ಒಂದು ಸುತ್ತಿನ ದಯೆ ಮಾತ್ರ. ಮರಿಗಳು ಹಾಲು ಬಿಟ್ಟು ತಾಯಿ ಚೇತರಿಸಿಕೊಂಡ ಮೇಲೆ ವೈದ್ಯರಿಂದ ಸಂತಾನಹರಣ ಶಸ್ತ್ರಕ್ರಿಯೆಯನ್ನು ಮಾಡಿಸುವುದೇ ಇದಕ್ಕೆ ದಾರಿ. ಹೆಣ್ಣುಮರಿಯನ್ನು ಕೊಡುವಾಗ, ಅದಕ್ಕೆ ವಯಸ್ಸು ಬಂದೊಡನೆ ಈ ಚಿಕಿತ್ಸೆಯ ವೆಚ್ಚವನ್ನು ನಾವೇ ಕೊಡುತ್ತೇವೆಂದು ಹೇಳಿದರೆ, ಹೆಣ್ಣನ್ನು ಒಲ್ಲೆನೆನ್ನುವವರ ಅಂಜಿಕೆಯೂ ಕಳೆಯುತ್ತದೆ.

ಇದು ಸೃಷ್ಟಿನಿಯಮಕ್ಕೆ ಅಡ್ಡಬಂದಂತಲ್ಲವೇ ಎಂದು ಕೆಲವು ಸದ್ಭಕ್ತರು ಶಂಕಿಸುತ್ತಾರೆ. ಶಂಕೆ ಪ್ರಾಮಾಣಿಕವಾದುದು, ಸಂತಾನದ ಸುಖವನ್ನು ಒಂದು ಪ್ರಾಣ‍ಿಯಿಂದ ಕಿತ್ತುಕೊಳ್ಳುವುದು ಹಗುರವಾದ ಮಾತೂ ಅಲ್ಲ. ಆದರೆ ನಾಯಿಯನ್ನು ಕಾಡಿನಿಂದ ತಂದು, ಮನೆಯ ಅನ್ನ ಹಾಕಿ, ಮನುಷ್ಯನನ್ನೇ ನಂಬಿ ಬಾಳುವಂತೆ ಮಾಡಿದ ದಿನವೇ ನಾವು ಅದರ ಸೃಷ್ಟಿನಿಯಮದಲ್ಲಿ ಕೈಯಿಟ್ಟಾಯಿತು. ಅನ್ನದಲ್ಲಿ ಕೈಯಿಟ್ಟವರು ಹುಟ್ಟಿನ ವಿಷಯದಲ್ಲಿ ಮಾತ್ರ ಕೈತೊಳೆದುಕೊಂಡರೆ, ಅದರ ಫಲವನ್ನು ಅನುಭವಿಸುವವು ಬೀದಿಯಲ್ಲಿ ಚಕ್ರಕ್ಕೆ ಸಿಕ್ಕ ಮರಿಗಳು. ಮನುಷ್ಯರೂ ಅದರ ಫಲವನ್ನು ಉಣ್ಣುತ್ತಾರೆ. ಹುಚ್ಚುನಾಯಿ ರೋಗದಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಸಾಯುತ್ತಾರೆಂದೂ, ಅವರಲ್ಲಿ ಮೂರರಲ್ಲೊಂದು ಪಾಲು ಭಾರತದವರೆಂದೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಲೂಯಿ ಪಾಶ್ಚರನು 1885ರಲ್ಲಿಯೇ ಲಸಿಕೆಯನ್ನು ಕಂಡುಕೊಟ್ಟನು. ಇಂದೂ ಸಾಯುವವರು ಹೆಚ್ಚಾಗಿ ಬಡವರ ಮಕ್ಕಳು. ಬೀದಿನಾಯಿಗಳನ್ನು ಕೊಲ್ಲದೆ, ಶಸ್ತ್ರಕ್ರಿಯೆ ಮತ್ತು ಲಸಿಕೆಗಳಿಂದ ಅವುಗಳ ಸಂಖ್ಯೆಯನ್ನೂ ರೋಗವನ್ನೂ ತಗ್ಗಿಸಬೇಕೆಂಬ ನೀತಿ 2001ರ ನಿಯಮಗಳಲ್ಲಿ ಬಂದು, 2023ರ ಹೊಸ ನಿಯಮಗಳಲ್ಲಿಯೂ ಮುಂದುವರಿಯಿತು. ಸರಕಾರ ಮತ್ತು ಪುರಸಭೆಗಳ ಕೆಲಸ ಅವರದು. ಮನೆಯ ನಾಯಿಯ ಮರಿಗಳು ಬೀದಿಯ ಸಂಖ್ಯೆಗೆ ಸೇರದಂತೆ ನೋಡಿಕೊಳ್ಳುವುದು ಮನೆಯಾತನ ಕೆಲಸ.

ಮನುಷ್ಯರ ಮಕ್ಕಳೇ ಹಸಿದಿರುವಾಗ ನಾಯಿಮರಿಗಳಿಗೆ ಇಷ್ಟು ಆರೈಕೆಯೇ ಎಂಬ ಆಕ್ಷೇಪವೂ ಬರಬಹುದು. ಮನುಷ್ಯಶಿಶುವಿನ ಹಕ್ಕು ಮೊದಲನೆಯದು, ಅದರಲ್ಲಿ ಸಂಶಯವಿಲ್ಲ. ಭಾಲ್ಕಿಯ ಹಿರೇಮಠ ಸಂಸ್ಥಾನವು ತಂದೆತಾಯಿಗಳಿಲ್ಲದ ಶಿಶುಗಳನ್ನು ಮಡಿಲಿಗೆ ತೆಗೆದುಕೊಂಡು ಸಾಕಿದ ಸಂಗತಿ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ತಿಳಿದುದೇ. ಅದಕ್ಕೂ ಇದಕ್ಕೂ ಸರಿಗಟ್ಟುವುದು ನಮ್ಮ ಉದ್ದೇಶವಲ್ಲ. ಆದರೆ ಆಕ್ಷೇಪಿಸುವವರನ್ನು ನಾವು ವಿನಯದಿಂದ ಒಂದು ಮಾತು ಕೇಳಬಹುದು: ನಾಯಿಮರಿಗೆ ಹಾಕದೆ ಉಳಿಸಿದ ತುತ್ತು ಯಾವ ಮಗುವಿನ ಬಾಯಿಗೆ ಹೋಯಿತು? ದಯೆಯು ಕಣಜದ ಕಾಳಿನಂತೆ ಹಂಚಿದಷ್ಟೂ ಕುಗ್ಗುವ ವಸ್ತುವಲ್ಲ. ನೂಲುವ ಕೈಯಂತೆ ರೂಢಿಯಿಂದ ಪಳಗುವ ಗುಣ. ಚಳಿಯಲ್ಲಿ ಮರಿಯನ್ನು ಎದೆಗವಚಿಕೊಂಡ ಹುಡುಗ ನಾಳೆ ಹಸಿದ ಗೆಳೆಯನಿಗೆ ಅರ್ಧ ರೊಟ್ಟಿ ಮುರಿದು ಕೊಡುವುದನ್ನು ಶಾಲೆಗಳಲ್ಲಿ ಪಾಠ ಹೇಳುವ ನಮ್ಮಂತಹವರು ಬಲ್ಲೆವು. ಮರಿಯನ್ನು ಚೀಲದಲ್ಲಿ ತುಂಬುವಾಗ ದೀಪ ಹಿಡಿದು ನಿಂತ ಹುಡುಗನೂ ಒಂದು ಪಾಠವನ್ನು ಕಲಿತೇ ಇರುತ್ತಾನೆ: ಬೇಡವಾದುದನ್ನು ಕತ್ತಲಲ್ಲಿ ಬಿಟ್ಟುಬರಬಹುದು ಎಂಬ ಪಾಠ. ಆ ಪಾಠವನ್ನು ಅವನು ಮುಂದೆ ಯಾರ ಮೇಲೆ ಪ್ರಯೋಗಿಸುತ್ತಾನೋ ಹೇಳಬಲ್ಲವರಾರು? ಮುಪ್ಪಿನ ತಂದೆತಾಯಿಗಳು ಈ ಮಾತನ್ನು ಯೋಚಿಸಬೇಕು.

ಆದುದರಿಂದ ಶರಣಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟೇ. ಮನೆಯಲ್ಲಿ ನಾಯಿ ಮರಿ ಹಾಕಿದರೆ, ಹುಟ್ಟಿದ ದಿನದಿಂದ ಯೋಗ್ಯರ ಕೈ ಸೇರುವ ದಿನದವರೆಗೆ ಅಷ್ಟೂ ಜೀವಗಳು ನಿಮ್ಮ ಮನೆಯ ಅತಿಥಿಗಳೆಂದು ಬಗೆಯಿರಿ. ಬಡಕಲಾದುದಕ್ಕೆ ಮೊದಲು ಉಣಿಸಿರಿ. ಎಂಟು ವಾರ ತುಂಬುವ ಮುನ್ನ ಕೊಡಬೇಡಿರಿ, ತುಂಬಿದ ಮೇಲೆ ವಿಚಾರಿಸದೆ ಕೊಡಬೇಡಿರಿ. ಕೊಟ್ಟ ಮೇಲೆ ಹಬ್ಬ ಹುಣ್ಣಿಮೆಗೊಮ್ಮೆಯಾದರೂ ಆ ಮನೆಯ ಕಡೆ ಹೋಗಿ, ಮರಿ ಹೇಗಿದೆಯೆಂದು ಕೇಳಿ ಬನ್ನಿರಿ.